ಮೇಲಿನ ಕೋಣೆಯ ಹೂಂಕಾರಮ್ಮ

ಬೆಳಿಗ್ಗೆ ಮುಖ ತೊಳೆದ ಕೂಡಲೇ ಆ ಹುಡುಗಿ ನಮ್ಮ ಮನೆ ಮೆಟ್ಟಿಲ ಮೇಲೆ ಕೂತು ಊರಿನಲ್ಲಿದ್ದ ಅಜ್ಜನಿಗೆ ಫೋನ್ ಮಾಡುತ್ತಿದ್ದಳು. ಜ್ವರ ಬಂದ ದಿನವೂ ತಪ್ಪಿಸಿದ್ದಿಲ್ಲ. ಅಜ್ಜ ಕೇಳುತ್ತಿದ್ದುದು ಅವೇ ಪ್ರಶ್ನೆಗಳು: ಉಂಡ್ಯಾ, ನಿದ್ದೆ ಬಂತಾ, ಮನಸ್ಸು ನೆಟ್ಟಗಿದೆಯಾ. ಒಂದೊಂದಕ್ಕೂ ಇವಳು ಬೀದಿಗೆಲ್ಲ ಕೇಳುವಂತೆ "ಹೂಂ!" ಅನ್ನುವಳು. ಪ್ರಾರ್ಥನೆಗೆ ಕೂತ ನನ್ನ ಕಿವಿಗೂ ಬಂದು ಬೀಳುತ್ತಿತ್ತು. ಪಾಪ, ಅಜ್ಜನಿಗೆ ಕಿವಿ ಮಂದ ಅಂದುಕೊಂಡಿದ್ದೆ.

ನಮ್ಮ ಮೇಲಿನ ಕೋಣೆಗೆ ಬಾಡಿಗೆಗೆ ಬಂದ ಪದವಿ ವಿದ್ಯಾರ್ಥಿನಿ ಅವಳು, ಬೆಟ್ಟದ ಕಾಡಿನ ಜನರ ಪೈಕಿ. ಊಟಕ್ಕೆ ಕೂತಾಗಲೂ ಅದೇ. "ಇನ್ನೊಂಚೂರು ಹಾಕ್ಲಾ?" ಅಂದರೆ "ಹೂಂ!" ಸಾಕಾದರೆ ತಟ್ಟೆ ನೋಡುತ್ತಾ ಸುಮ್ಮನೆ ಕೂರುವಳು. ನಾಚಿಕೆಯಿರಬೇಕೆಂದು ನಾನು ಬಡಿಸಿಬಿಡುತ್ತಿದ್ದೆ, ಅವಳು ಕಷ್ಟಪಟ್ಟು ಉಣ್ಣುತ್ತಿದ್ದಳು. ಕೊನೆಗೊಂದು ದಿನ ಮೆಲ್ಲಗೆ ಹೇಳಿದಳು:

"ಆಂಟಿ, ನಮ್ಮಲ್ಲಿ ಸುಮ್ಮನಿದ್ರೆ ಬೇಡ ಅಂತ. ಬಾಯಿಬಿಟ್ಟು ಬೇಡ ಅಂದ್ರೆ ಕೇಳಿದವರ ಮುಖಕ್ಕೆ ಹೊಡೆದ ಹಾಗೆ."

ನಮ್ಮ ಮನೆಯವರು ಬಿದ್ದು ಬಿದ್ದು ನಕ್ಕರು. "ಅಯ್ಯೋ ಹೂಂಕಾರಮ್ಮ, ಇಷ್ಟು ದಿನ ಇವಳು ನಿನ್ನ ಹೊಟ್ಟೆಗೆ ತುರುಕಿ ತುರುಕಿ ಸಾಯಿಸ್ತಿದ್ಲಾ!" ಹೆಸರು ಅಂಟಿಕೊಂಡಿತು.

ಅವಳ ಫೀಸು ನಡೆಯುತ್ತಿದ್ದುದು ಕಾಲೇಜಿನ ಒಂದು ಯೋಜನೆಯಿಂದ. ಪದವಿ ಓದುವವರಿಗೆ ಸಂಬಳ ಕೊಟ್ಟು, ಒಬ್ಬ ಮಾರ್ಗದರ್ಶಕರ ಕೈಕೆಳಗೆ ಸಂಶೋಧನೆ ಕಲಿಸುವುದು. ವಿಷಯ, ಕಾಡಿನ ಕಾನೂನು ಮತ್ತು ಕಾಡಿನ ಜನರ ಸ್ವಂತ ಆಡಳಿತ. ಇವಳಿಗೆ ಸಿಕ್ಕ ಮಾರ್ಗದರ್ಶಕರನ್ನು ಕಾಲೇಜಿನ ಮಕ್ಕಳು "ಹಸಿರು ಮೇಷ್ಟ್ರು" ಅನ್ನುತ್ತಿದ್ದರು. ಅಂಗಿ ಹಸಿರು, ಪೆನ್ನು ಹಸಿರು. ಇವಳು ಮರೆತುಹೋದ ಊಟದ ಡಬ್ಬಿ ಕೊಡಲು ಒಮ್ಮೆ ಅವರ ಕೋಣೆಗೆ ಹೋಗಿದ್ದೆ. ಗೋಡೆ ತುಂಬಾ ಮರಗಳ ಚಿತ್ರ. ಕಿಟಕಿಯಾಚೆ ಇದ್ದ ನಿಜವಾದ ಮರಕ್ಕೆ ಮಾತ್ರ ಪರದೆ ಎಳೆದಿತ್ತು, ಎಸಿಯ ತಂಪು ಕೆಡದಿರಲೆಂದು. ಬೆಟ್ಟದ ಹಿರಿಯರ ನಡುವೆ ಅವರು ನಿಂತ ಫೋಟೋ ಇತ್ತು. ಕೆಳಗೆ ಹೆಸರು ಅವರದೊಂದೇ. ನಾನು ನಿಂತಷ್ಟು ಹೊತ್ತೂ ಫೋನಿನಲ್ಲಿ ಯಾರಿಗೋ, ಜನರ ಮಾತನ್ನು ತಾಳ್ಮೆಯಿಂದ ಕೇಳುವುದು ಹೇಗೆಂದು ಹೇಳುತ್ತಿದ್ದರು. ಆಚೆಯವರಿಗೆ ಬಾಯಿ ತೆರೆಯಲು ಎಡೆ ಸಿಗಲಿಲ್ಲ. ವರ್ಷವಿಡೀ ಅವರು ಇವಳಿಗೆ ಕಲಿಸಿದ್ದು ತಮ್ಮ ಲ್ಯಾಪ್‌ಟಾಪ್ ಚೀಲ ಹೊರುವುದನ್ನು. ದೇವರು ನನ್ನ ನಾಲಿಗೆಯನ್ನು ಕ್ಷಮಿಸಲಿ, ಬೇರೇನನ್ನಾದರೂ ಕಲಿಸಿದ್ದು ನನಗೆ ನೆನಪಾಗುತ್ತಿಲ್ಲ.

ವರ್ಷದ ಕೊನೆಗೆ ಇಬ್ಬರೂ ಅವಳ ಊರಿಗೆ ಹೋದರು. ಊರಿನ ಮೇಲ್ಗಡೆ ಇರುವ ಚಿಲುಮೆಗೂ ಸುತ್ತಲ ಕಾಡಿಗೂ ಬೇಲಿ ಹಾಕಿ, ಪಾಸು ಇದ್ದವರನ್ನು ಮಾತ್ರ ಒಳಗೆ ಬಿಡಬೇಕೆಂದು ಸರ್ಕಾರಕ್ಕೆ ಮನಸ್ಸಾಗಿತ್ತು. ಅದಕ್ಕೆ ಊರ ಸಭೆಯ ಒಪ್ಪಿಗೆ ಬೇಕು; ಅದನ್ನು ಕೇಳಿ ವರದಿ ಬರೆಯುವ ಕೆಲಸ ಮೇಷ್ಟ್ರದು. ಊರಿಗಿದ್ದ ನೀರು ಅದೊಂದೇ. ಮೇಷ್ಟ್ರು ಉದ್ದುದ್ದ ಭಾಷಣ ಬಿಗಿದು, "ಯಾರಿಗಾದರೂ ಆಕ್ಷೇಪಣೆ ಇದೆಯಾ?" ಅಂದರಂತೆ. ಇಡೀ ಸಭೆ ಸುಮ್ಮನಿತ್ತು. ಮುಂದೆ ಕೂತಿದ್ದ ಅಜ್ಜ ನೆಲ ನೋಡುತ್ತಿದ್ದರು. ಮೇಷ್ಟ್ರು ತಾವೇ ಚಪ್ಪಾಳೆ ತಟ್ಟಿ, ಫೋಟೋ ತೆಗೆಸಿಕೊಂಡು, ಬಡಿಸಿದ್ದನ್ನು ಉಂಡು ಕಾರು ಹತ್ತಿದರು.

"ಸಾರ್, ಅವರು ಒಪ್ಪಿಲ್ಲ," ಅಂದಳಂತೆ ಹುಡುಗಿ ದಾರಿಯಲ್ಲಿ.

"ಬೇಡ ಅಂತ ಯಾರಂದ್ರಮ್ಮ?"

"ಬೇಡ ಅಂತಲೇ ಎಲ್ಲರೂ ಸುಮ್ಮನಿದ್ದಿದ್ದು ಸಾರ್. ನಮ್ಮಲ್ಲಿ ಬಾಯಿಬಿಟ್ಟು ಹೂಂ ಅಂದ್ರೆ ಮಾತ್ರ ಹೂಂ."

"ಬ್ಯೂಟಿಫುಲ್! ಎಂಥಾ ಸಂಸ್ಕೃತಿ! ಇದನ್ನ ಅಡಿಟಿಪ್ಪಣೀಲಿ ಹಾಕೋಣ."

ಹಾಕಿದರು ಕೂಡ. ವರದಿಯ ಮೇಲ್ಭಾಗದಲ್ಲಿ ಮಾತ್ರ "ಸಭೆ ಸರ್ವಾನುಮತದಿಂದ ಒಪ್ಪಿತು" ಎಂದೇ ಇತ್ತು. ಆದರೆ ಬೆಟ್ಟದವರೇ ಆದ ವಿದ್ಯಾರ್ಥಿಯ ಸಹಿಯಿಲ್ಲದೆ ವರದಿ ಸರ್ಕಾರಕ್ಕೆ ಹೋಗುವಂತಿರಲಿಲ್ಲ. ಆ ಯೋಜನೆಯಲ್ಲಿ ಬುದ್ಧಿಯಿದ್ದವರು ಬರೆದ ನಿಯಮ ಅದೊಂದೇ ಇರಬೇಕು. ಹುಡುಗಿ ಸಹಿ ಹಾಕದೆ ಮನೆಯಲ್ಲಿ ಕೂತಳು.

ಭಾನುವಾರ ಹಸಿರು ಮೇಷ್ಟ್ರು ನಮ್ಮ ಮನೆಗೇ ಬಂದರು. ಬಾಗಿಲ ಬಳಿಯ ಕಾಲೊರಸು ದಾಟಿ, ಆಗಷ್ಟೇ ಒರೆಸಿದ ನೆಲದ ಮೇಲೆ ಬೂಟಿನ ಕೆಸರು ಮೂಡಿಸಿ, "ಆಹಾ, ಎಷ್ಟು ಸ್ವಚ್ಛ ಪರಿಸರ!" ಅಂದರು.

"ನೋಡು ಮಗಳೇ, ಮುಂದಿನ ವರ್ಷಕ್ಕೂ ನಿನ್ನನ್ನೇ ತಗೋತೀನಿ. ಫೀಸಿನ ಚಿಂತೆ ಬಿಡು. ವಿದೇಶದ ಸಮ್ಮೇಳನಕ್ಕೆ ಕರ್ಕೊಂಡು ಹೋಗ್ತೀನಿ, ವೇದಿಕೆ ಮೇಲೆ ನನ್ನ ಪಕ್ಕದಲ್ಲೇ ಕೂರ್ತೀಯ. ಈ ಕಾಲದಲ್ಲಿ ಇಷ್ಟು ಉಪಕಾರ ಯಾರು ಮಾಡ್ತಾರೆ ಹೇಳು? ಒಂದು ಸಹಿ, ಅಷ್ಟೇ."

ಹುಡುಗಿ ನೆಲ ನೋಡುತ್ತಾ ಕೂತಳು. ಆ ಸಂಬಳ ನಿಂತರೆ ಓದೂ ನಿಂತಂತೆ, ನನಗೆ ಗೊತ್ತಿತ್ತು. ನಾನು ಒಳಗೊಳಗೇ ದೇವರನ್ನು ಕರೆದೆ. ಏನು ಬೇಡಿಕೊಳ್ಳಬೇಕೆಂದೇ ತೋಚಲಿಲ್ಲ.

ಸ್ವಲ್ಪ ಹೊತ್ತಿಗೆ ಮೇಷ್ಟ್ರ ಮುಖ ಅರಳಿತು. "ಒಪ್ಪಿದ್ಲು ನೋಡಿ ಅಮ್ಮಾ! ನಮ್ಮ ಹುಡುಗಿ ಬಂಗಾರ!" ಎಂದು ಪೆನ್ನಿನ ಮುಚ್ಚಳ ತೆಗೆದರು. ಆ ಅಡಿಟಿಪ್ಪಣಿಯನ್ನು ಬರೆದವರೇ ಓದಿರಲಿಲ್ಲ ಅಂತ ಕಾಣುತ್ತದೆ.

ಹುಡುಗಿ ತಲೆ ಎತ್ತಿದಳು. ಬೆಳಿಗ್ಗೆ ಅಜ್ಜನಿಗೆ ಹೂಂ ಅನ್ನುವಾಗಿನ ಅದೇ ದನಿ, ಬೀದಿಗೆಲ್ಲ ಕೇಳುವಂಥದ್ದು.

"ಬೇಡ ಸಾರ್. ಸಹೀನೂ ಹಾಕಲ್ಲ, ನಿಮ್ಮ ಜೊತೆ ಎಲ್ಲಿಗೂ ಬರಲ್ಲ. ಬಾಯಿಬಿಟ್ಟೇ ಹೇಳ್ತಿದ್ದೀನಿ, ನಮ್ಮಜ್ಜ ಕ್ಷಮಿಸಲಿ."