ತಟ್ಟಿ ನೋಡಿದ ಚಿಪ್ಪು

ಕರಾವಳಿಯ ಕಾಗಾಲದಲ್ಲಿ ಭೌತಶಾಸ್ತ್ರದ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದರು. ಕಾರ್ಯಕ್ರಮಕ್ಕೆ ಮೊದಲು ತಮ್ಮ ಮನೆಯಲ್ಲಿ ಚಹಾ ಕೊಡುತ್ತ ಸಂಘಟಕರು, "ಕ್ವಾಂಟಮ್ ಎಲ್ಲ ಉಪನಿಷತ್ತಿನಲ್ಲೇ ಇತ್ತು ಅಂತ ಕೊನೆಗೊಂದು ಮಾತು ಹೇಳಿಬಿಡಿ ಮಾಸ್ತರೆ," ಎಂದರು.

"ಹೋಲಿಕೆ ಉಂಟು ಅಂತೇನೆ. ಎರಡೂ ಒಂದೇ ಅಂತ ಮಾತ್ರ ಹೇಳೂದಿಲ್ಲ," ಎಂದೆ. ಅವರು ಬಿಡಲಿಲ್ಲ, ನಾನೂ ಬಗ್ಗಲಿಲ್ಲ.

ಅಂಗಳದಲ್ಲಿ ಸಾರಿಗೆಂದು ಬಳಚು ಚಿಪ್ಪುಮೀನು ತೊಳೆಯುತ್ತಿದ್ದ ಅವರ ತಾಯಿ, ಬಾಯಿ ಮುಚ್ಚಿದ ಎರಡು ಚಿಪ್ಪು ನನ್ನ ಕೈಗಿಟ್ಟರು. "ಎರಡೂ ಒಂದೇ ಕಾಣ್ತದೆ ಅಲ್ದಾ? ಒಂದರಲ್ಲಿ ಬರೀ ಕೆಸರು, ತಟ್ಟಿದ್ರೆ ಸದ್ದಿನಲ್ಲೇ ಗೊತ್ತಾಗ್ತದೆ. ತಟ್ಟಿ ನೋಡದೆ ಹಾಕಿದ್ರೆ ಇಡೀ ಸಾರು ಹಾಳು."

ಭಾಷಣದಲ್ಲಿ ನಾನು ಆ ಚಿಪ್ಪಿನ ಮಾತನ್ನೇ ಹೇಳಿದೆ. ಸಂಘಟಕರು ವಂದನಾರ್ಪಣೆಯಲ್ಲಿ, "ಎಲ್ಲ ಉಪನಿಷತ್ತಿನಲ್ಲೇ ಇತ್ತು," ಎಂದು ಮುಗಿಸಿದರು.

ಮಧ್ಯಾಹ್ನ ಅವರ ಮನೆಯ ಸಾರಿನಲ್ಲಿ ಹಲ್ಲಿಗೆ ಕೆಸರಿನ ಒಂದು ಕಣವೂ ಸಿಗಲಿಲ್ಲ. ಆ ಮನೆಯಲ್ಲಿ ತಟ್ಟಿ ನೋಡುವವರು ತಾಯಿ ಒಬ್ಬರೇ ಇರಬೇಕು.