ಇಟ್ಟಿಗೆ ಲಾರಿಯ ಬಿಗಿ ಸ್ಟೀರಿಂಗ್

ಇಟ್ಟಿಗೆ ಡ್ರೈವರ್ ಅಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಅವನ ಲಾರಿ ಬೀದಿಗಿಂತ ಹಳೆಯದು ಅಂತ ಪಕ್ಕದ ಮನೆಯ ಮುದುಕ ಕಿಚಾಯಿಸುತ್ತಿದ್ದ. ಅದು ನಿಜವೇ. ಅಲ್ಲಿನ ಅರ್ಧಕ್ಕರ್ಧ ಮನೆಗಳ ಇಟ್ಟಿಗೆ ಅದೇ ಲಾರಿಯಲ್ಲಿ ಬಂದಿಳಿದದ್ದು. ಹೆಂಡತಿ ಮಾತ್ರ ಅದನ್ನು ಸವತಿ ಅನ್ನುತ್ತಿದ್ದಳು. ಅವನು ತಡವಾಗಿ ಬಂದ ದಿನ ಹೊಲಿಗೆ ಮಿಷನ್ನಿನಿಂದ ತಲೆಯೆತ್ತದೆ, "ಸವತಿ ಬಿಟ್ಟಳಾ, ಇಲ್ಲ ನೀವೇ ಓಡಿಬಂದ್ರಾ?" ಅಂತ ಕೇಳುತ್ತಿದ್ದಳು.

"ಅವಳು ಬಿಡ್ತಾಳಾ? ಒಳ್ಳೆ ಮಾತಾಡಿ ಮಲಗಿಸಿ ಬಂದೆ," ಅನ್ನುತ್ತಿದ್ದ ಅವನು.

ಒಂದು ಸಂಜೆ ಈ ತಮಾಷೆಗೆ ಅವನು ನಗಲಿಲ್ಲ. ಎಡ ಭುಜ ನೀವಿಕೊಳ್ಳುತ್ತ ಗೋಡೆಗೆ ಒರಗಿದ.

"ಸ್ಟೀರಿಂಗ್ ಬಿಗಿಯಾಗಿದೆ ಕಣೆ. ಇಟ್ಟಿಗೆ ಗೂಡಿನ ಗೇಟಿನ ಹತ್ರ ತಿರುಗಿಸೋಷ್ಟರಲ್ಲಿ ಭುಜ ಕಿತ್ತು ಬಂತು."

"ಎಣ್ಣೆ ಹಾಕಿಸ್ರಿ. ನನ್ನ ಮಿಷನ್ನೂ ಎಣ್ಣೆ ಕಾಣದಿದ್ರೆ ಹೀಗೇ ಮೊಂಡು ಹಿಡಿಯೋದು."

"ನಿನ್ನ ಮಿಷನ್ ಬೇರೆ, ಇದು ಬೇರೆ. ಇದಕ್ಕೊಂದು ಪಂಪ್ ಇದೆ. ಇಂಜಿನ್ ಓಡ್ತಿದ್ರೆ ಅದು ಎಣ್ಣೆ ತಳ್ಳಿ ಚಕ್ರ ತಿರುಗಿಸೋಕೆ ನಮ್ಮ ಜೊತೆ ಕೈ ಜೋಡಿಸುತ್ತೆ. ಈಗ ಆ ಪಂಪೇ ಕೆಲಸಕ್ಕೆ ಚಕ್ಕರ್ ಹೊಡೀತಿದೆ."

ಗ್ಯಾರೇಜಿನ ಮೇಸ್ತ್ರಿ ಅವನಿಗಿಂತ ಚಿಕ್ಕವನು, ಅಣ್ಣ ಅಣ್ಣ ಅಂತಲೇ ಮಾತಾಡಿಸುವವನು. ಬಾನೆಟ್ ಎತ್ತಿ ನೋಡಿದ. ಪಂಪನ್ನು ತಿರುಗಿಸುವ ಬೆಲ್ಟ್ ಜೋಲುಬಿದ್ದಿತ್ತು. ಹಳೇ ಪೈಪೊಂದು ಬಿರುಕುಬಿಟ್ಟು ಎಣ್ಣೆ ಜಿನುಗುತ್ತಿತ್ತು. ಎರಡನ್ನೂ ಬದಲಾಯಿಸಿದ. ಗಾಡಿ ಗ್ಯಾರೇಜಿನಲ್ಲಿದ್ದಷ್ಟು ದಿನ ಡ್ರೈವರ್ ಮನೆಯಲ್ಲಿ ಚೆನ್ನಾಗಿ ನಿದ್ದೆ ಮಾಡಿದ. ಆಮೇಲೆ ಗಾಡಿ ತಂದ ದಿನ, "ಬೆಣ್ಣೆ ಕಣೆ, ಬೆಣ್ಣೆ!" ಅಂತ ಬಾಗಿಲಿಂದಲೇ ಕೂಗಿದ. ಮೊದಲ ಸಲ ಗಾಡಿಯಲ್ಲಿ ನಿಜವಾಗಿಯೂ ತೊಂದರೆ ಇತ್ತು. ಎಲ್ಲರೂ ಮೋಸಹೋದದ್ದು ಅಲ್ಲೇ.

ಕೆಲವು ವಾರ ಕಳೆದವು, ಮತ್ತೆ ಬಿಗಿ. ಈ ಸಲ ಎಣ್ಣೆಯಲ್ಲಿ ನೊರೆ ಕಂಡಿತು, ಒಳಗೆ ಗಾಳಿ ಸೇರಿದೆ ಅಂದ ಮೇಸ್ತ್ರಿ. ಮುಂದಿನ ಚಕ್ರಗಳನ್ನು ಜಾಕಿ ಕೊಟ್ಟು ನೆಲದಿಂದ ಎತ್ತಿ, ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ, ಗುಳ್ಳೆ ಏಳುವುದು ನಿಲ್ಲುವ ತನಕ ಕೂತ. ಅದರ ಮುಂದಿನ ಸಲ ಪಂಪನ್ನೇ ಬಿಚ್ಚಿ ಒಳಗಿನ ಸೀಲುಗಳನ್ನು ಹೊಸದು ಮಾಡಿದ. ಪ್ರತಿ ಸಲವೂ ಗಾಡಿ ಬಂದ ಹೊಸದರಲ್ಲಿ ಹಗುರ, ಆಮೇಲೆ ಯಥಾಪ್ರಕಾರ. ಒಂದು ದಿನ ಬೀದಿಯ ತಿರುವಿನಲ್ಲಿ ಲಾರಿ ಯಾರದೋ ಕಾಂಪೌಂಡು ಗೋಡೆ ಸವರಿಕೊಂಡು ಹೋಯಿತು. "ತಾನೇ ಇಟ್ಟಿಗೆ ತಂದು ತಾನೇ ಬೀಳಿಸ್ತಾನೆ, ವ್ಯಾಪಾರ ಅಂದ್ರೆ ಇದು," ಅಂತ ಪಕ್ಕದ ಮನೆ ಮುದುಕ ನಕ್ಕ. ಡ್ರೈವರ್ ಗೋಡೆಯವರ ಹತ್ತಿರ ಕೈಮುಗಿದು, ಗಾಡಿಗೆ ಬಾಯಿತುಂಬ ಬೈದ.

ಹೆಂಡತಿ ಅವನಿಗೊಂದು ಹೊಸ ಅಂಗಿ ಹೊಲಿಯಲು ಕೂತದ್ದು ಆ ದಿನಗಳಲ್ಲೇ. ಎಡ ತೋಳಿನ ಸುತ್ತಳತೆ ಬಲ ತೋಳಿಗಿಂತ ಕಮ್ಮಿ ಬಂತು. ಟೇಪು ಜಾರಿರಬೇಕೆಂದು ಮತ್ತೆ ಹಿಡಿದಳು. ಅಷ್ಟೇ ಬಂತು. ಹೆಬ್ಬೆರಳು ತೋರುಬೆರಳಿನ ನಡುವೆ ತುಂಬಿಕೊಂಡಿದ್ದ ಮಾಂಸ ಯಾರೋ ಚಮಚದಲ್ಲಿ ತೆಗೆದ ಹಾಗೆ ಗುಳಿಬಿದ್ದಿತ್ತು.

"ರೀ, ಇದೇನ್ರೀ ಕೈ ಹೀಗೆ ಒಣಗಿದೆ?"

"ಆ ಹಾಳು ಸ್ಟೀರಿಂಗ್ ಎಳೆದೂ ಎಳೆದೂ ಸೋತುಹೋಗಿದೆ. ಗಾಡಿ ಸರಿಯಾಗಲಿ, ಕೈ ತಾನಾಗೇ ಸರಿಹೋಗುತ್ತೆ."

ಅವಳಿಗೆ ಅದು ಸರಿಯೆನ್ನಿಸಿತು. ದಪ್ಪ ಬಟ್ಟೆ ಹೊಲಿದ ದಿನ ತನ್ನ ಬೆರಳೂ ನೋಯುವುದಿಲ್ಲವೇ? ಎಡ ತೋಳನ್ನು ಸ್ವಲ್ಪ ಚಿಕ್ಕದಾಗಿಯೇ ಕತ್ತರಿಸಿದಳು. ರಾತ್ರಿ ಎಣ್ಣೆ ಬಿಸಿಮಾಡಿ ತಿಕ್ಕಿದಳು.

ಮೇಸ್ತ್ರಿ ಅವಳಿಗೆ ಫೋನ್ ಮಾಡಿದ್ದು ಒಂದು ಬೆಳಿಗ್ಗೆ. "ಅಕ್ಕ, ಅಣ್ಣ ಇಲ್ಲೇ ಇದಾರೆ. ಊಟ ತರೋ ನೆಪದಲ್ಲಿ ಒಂದ್ಸಲ ಬಂದುಹೋಗ್ತೀರಾ?"

ಅವಳು ಡಬ್ಬಿ ಕಟ್ಟಿಕೊಂಡು ಹೋದಾಗ ಲಾರಿ ಗ್ಯಾರೇಜಿನ ಅಂಗಳದಲ್ಲಿ ನಿಂತಿತ್ತು. ಗಂಡ ಟಯರೊಂದರ ಮೇಲೆ ಕೂತು ಫೋನಿನಲ್ಲಿ ಯಾರಿಗೋ, "ನಾಳೆ ಬೆಳಿಗ್ಗೆ ಸ್ಕೂಲ್ ಕಟ್ಟಡದ ಇಟ್ಟಿಗೆ ಲೋಡು ನಂದೇ, ಚಿಂತೆ ಬಿಡಿ," ಅನ್ನುತ್ತಿದ್ದ. ಮೇಸ್ತ್ರಿ ನಲ್ಲಿಯ ಹತ್ತಿರ ಕೈ ತೊಳೆಯುವವನಂತೆ ನಿಂತು, ಬಗ್ಗಿಸಿದ ತಲೆ ಎತ್ತದೆ ಮಾತಾಡಿದ.

"ಗಾಡೀಲಿ ಏನೂ ಇಲ್ಲ ಅಕ್ಕ. ನಿನ್ನೆ ಲೋಡ್ ಹಾಕ್ಕೊಂಡು ನಾನೇ ಓಡಿಸಿ ನೋಡಿದೆ, ಹೂವಿನಷ್ಟು ಹಗುರ. ನಮ್ಮ ಅಣ್ಣನ ಕೈಯೇ..." ಸೋಪು ಮತ್ತೆ ಉಜ್ಜಿದ. "ನನಗೆ ಹೇಳೋಕೆ ಬಾಯಿ ಬರ್ತಿಲ್ಲ. ನೀವು ಹೇಳಿ. ನಾಳೆ ಇಳಿಜಾರು ರಸ್ತೆ, ಮಕ್ಕಳು ಓಡಾಡೋ ಜಾಗ."

ಗಾಡಿಯಿಂದ ಕೈ ಕೆಟ್ಟಿತು ಅಂತ ಇಷ್ಟು ದಿನ ಅಂದುಕೊಂಡಿದ್ದಳಲ್ಲ, ಅದನ್ನು ಈಗ ತಿರುಗುಮುರುಗು ಮಾಡಿ ನೋಡಿದಳು. ಗಾಡಿ ಗ್ಯಾರೇಜಿನಲ್ಲಿ ನಿಂತ ದಿನಗಳಲ್ಲಿ ಅವನ ಕೈಗೂ ರಜೆ. ರಜೆ ಮುಗಿಸಿ ಹತ್ತಿದಾಗ ಸ್ಟೀರಿಂಗ್ ಹಗುರ.

ಹೇಳಬೇಕೆಂದೇ ಗಂಡನ ಬಳಿ ಹೋದಳು. ಬಾಯಿಗೆ ಬಂದದ್ದು ಬೇರೆ ಮಾತು. "ರೀ, ನಾನೊಂದ್ಸಲ ತಿರುಗಿಸಿ ನೋಡ್ಲಾ?"

"ನೀನಾ!" ಅವನಿಗೆ ನಗು ತಡೆಯಲಾಗಲಿಲ್ಲ. "ಗುಂಡಿ ಹೊಲಿಯೋ ಕೈಗೆ ಅದು ಅಲ್ಲಾಡುತ್ತಾ? ಹತ್ತು, ಹತ್ತು. ನನ್ನ ಕಷ್ಟ ನಿನಗೂ ಗೊತ್ತಾಗ್ಲಿ. ಮೇಸ್ತ್ರಿ, ಇಂಜಿನ್ ಸ್ಟಾರ್ಟ್ ಮಾಡಪ್ಪ, ಸವತಿಯರು ಇವತ್ತು ಕೈ ಕೈ ಮಿಲಾಯಿಸ್ತಾರೆ!"

ಮದುವೆಯಾದಾಗಿನಿಂದ ಅವಳು ಆ ಸೀಟಿನಲ್ಲಿ ಕೂತವಳಲ್ಲ. ಹತ್ತಿ ಕೂತಳು. ಕಾಲು ಕೆಳಗಿನ ಪೆಡಲಿಗೆ ಎಟುಕಲಿಲ್ಲ. ಅವನ ಬೆನ್ನು ಒರಗೀ ಒರಗೀ ಸೀಟಿನಲ್ಲಿ ತಗ್ಗಾಗಿದ್ದ ಜಾಗ ಅವಳ ಬೆನ್ನಿಗೆ ದೊಡ್ಡದಾಯಿತು. ಇಂಜಿನ್ ಗುರುಗುಟ್ಟಿತು. ಸ್ಟೀರಿಂಗ್ ಮೇಲೆ ಕೈಯಿಟ್ಟಾಗ, ಬಿಗಿಯಾಗಿರಲಿ, ಕಲ್ಲಿನ ಹಾಗೆ ಬಿಗಿಯಾಗಿರಲಿ ಅಂತ ಮನಸ್ಸಿನಲ್ಲೇ ಬೇಡಿಕೊಂಡಳು.

ಅದು ತಿರುಗಿತು. ಎಡಗೈಯೊಂದರಲ್ಲೇ ತಿರುಗಿತು, ಕೊನೆಯ ತನಕ.

"ಹೇಗಿದೆ?" ಕೆಳಗಿನಿಂದ ಕೂಗಿದ ಅವನು.

"ತುಂಬಾ ಬಿಗಿ ಇದೆ ರೀ," ಅಂದಳು ಅವಳು. ಉಸಿರು ಬಿಗಿಹಿಡಿದು, ಭುಜ ಏರಿಸಿ, ಕಷ್ಟಪಡುವವಳ ಹಾಗೆ. "ನನ್ನ ಕೈಲಾಗ್ತಿಲ್ಲ."

ಅವನು ಲಾರಿಯ ಮುಂದೆ ನಿಂತಿದ್ದ. ಅವಳ ಮುಖ ನೋಡಲಿಲ್ಲ. ಮುಂದಿನ ಚಕ್ರಗಳನ್ನು ನೋಡುತ್ತಿದ್ದ. ಅವು ಪೂರ್ತಿ ಎಡಕ್ಕೆ ತಿರುಗಿ ನಿಂತಿದ್ದವು. ಮೇಸ್ತ್ರಿ ಒರೆಸಿದ ಸ್ಪ್ಯಾನರನ್ನೇ ಮತ್ತೆ ಒರೆಸುತ್ತಿದ್ದ. ಡ್ರೈವರ್ ತನ್ನ ಎಡಗೈ ಎತ್ತಿ, ಅಂಗೈ ಮೇಲೆ ಮಾಡಿ, ಬೇರೆ ಯಾರದೋ ಕೈ ನೋಡುವಂತೆ ನೋಡಿದ.

"ಸಾಕು, ಇಳಿ," ಅಂದ. "ನಿನಗೆ ಸುಳ್ಳು ಹೇಳೋಕೆ ಮೊದಲಿಂದ್ಲೂ ಬರಲ್ಲ."

ಡಬ್ಬಿಯ ಊಟ ಹಾಗೇ ಮನೆಗೆ ವಾಪಸು ಬಂತು. ನಾಳೆಯ ಲೋಡಿಗೆ ಬೇರೆಯವರನ್ನು ನೋಡಿಕೊಳ್ಳಿ ಅಂತ ಅವನೇ ಫೋನ್ ಮಾಡಿ ಹೇಳಿದ. ಯಾಕೆ ಅಂತ ಕೇಳಿದವರಿಗೆ, "ಸ್ಟೀರಿಂಗ್ ತೊಂದರೆ," ಅಂದ.

ಆಸ್ಪತ್ರೆಯಲ್ಲಿ ಕೈಗೆ ಸೂಜಿ ಚುಚ್ಚಿ, ತಂತಿ ಹಚ್ಚಿ ನೋಡಿದರು. ನರಗಳ ಕಾಯಿಲೆ ಅಂದರು. ಕೈಯಿಂದ ಶುರುವಾಗಿದೆ, ಕಾಲಿಗೂ ಬರಬಹುದು, ಕೆಲವರಿಗೆ ನಾಲಿಗೆ, ಗಂಟಲು ಕೂಡ ಸೋತು ಮಾತೇ ನಿಲ್ಲುತ್ತದೆ, ಗುಣಪಡಿಸುವ ಔಷಧಿ ಇಲ್ಲ. ಗಂಡ ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಅವಳೊಬ್ಬಳೇ ಮತ್ತೆ ಒಳಗೆ ಹೋದಳು.

"ಆ ಬೆಲ್ಟು ಪಂಪು ಅಂತ ಓಡಾಡೋ ಬದಲು ಮೊದಲೇ ಬಂದಿದ್ರೆ ಡಾಕ್ಟ್ರೇ?"

"ಬಂದಿದ್ರೂ ಹೆಚ್ಚೇನೂ ಮಾಡೋಕೆ ಆಗ್ತಿರಲಿಲ್ಲಮ್ಮ," ಅಂದರು ಡಾಕ್ಟರು. ಸಮಾಧಾನಕ್ಕೆ ಹೇಳಿದರೋ, ಇದ್ದದ್ದನ್ನೇ ಹೇಳಿದರೋ ಅವಳಿಗೆ ತಿಳಿಯಲಿಲ್ಲ. ಕೇಳುವುದಕ್ಕೂ ಹೋಗಲಿಲ್ಲ.

ಲಾರಿಗೆ ಹೊಸ ಡ್ರೈವರ್ ಬಂದ. ಮೊದಲ ಸಂಜೆ ಮನೆಯ ಪಕ್ಕದ ಸಂದಿಗೆ ಗಾಡಿಯನ್ನು ಹಿಮ್ಮುಖವಾಗಿ ನುಗ್ಗಿಸಲು ಹೋಗಿ ಒದ್ದಾಡಿದ. ಮುಂದೆ ಹೋದ, ಹಿಂದೆ ಬಂದ, ಮತ್ತೆ ಮುಂದೆ ಹೋದ. ಮಂಚದ ಮೇಲಿದ್ದ ಇಟ್ಟಿಗೆ ಡ್ರೈವರ್ ಎದ್ದು ಚಪ್ಪಲಿ ಮೆಟ್ಟಿ ಹೊರಗೆ ಹೋದ.

"ಬರ್ಲಿ... ಬರ್ಲಿ... ಬಲಕ್ಕೆ ಮುರಿ ಮಾರಾಯ, ಇನ್ನೂ ಮುರಿ... ಹಾಂ, ನೇರ ಮಾಡು... ಬರ್ಲಿ..."

ಬಲಗೈಯಿಂದ ಲಾರಿಯ ಮೈಮೇಲೆ ಧಪ್ ಧಪ್ ಎಂದು ಬಡಿಯುವ ಸದ್ದು ಕೇಳಿಸಿತು. ಬೀದಿಗೆಲ್ಲ ಕೇಳುವ ಗಟ್ಟಿ ದನಿ. ಅವಳು ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದಳು. ಬಟ್ಟೆ ಸೂಜಿಯ ಕೆಳಗೆ ಅರ್ಧಕ್ಕೇ ನಿಂತಿತು. ಕಿಟಕಿಗೂ ಹೋಗದೆ, ಕಣ್ಣೂ ಒರೆಸಿಕೊಳ್ಳದೆ, ಗಾಡಿ ಪೂರ್ತಿ ಒಳಗೆ ಬರುವ ತನಕ ಆ ದನಿಯನ್ನು ಕೇಳುತ್ತ ಕೂತಳು.