ತ್ರೀ ಪರ್ಲ್ಸ್ ಕಂಪನಿಯ ಮೂವರು ನಿರ್ದೇಶಕರು

ಮೊನ್ನೆ ಕತಾರಿನ ಅಲ್ ವಕ್ರಾ ಊರಿನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಯಾರದೋ ಚಾರ್ಜರ್ ಕಾದು ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಎದ್ದಿತು. ಅಂಗಡಿಯವನು ಮೂಗು ಮುಚ್ಚಿಕೊಂಡು ಪ್ಲಗ್ ಕಿತ್ತ. ನಾನು ಮಾತ್ರ ಮಂಗಳಾರತಿಗೆ ನಿಂತವನಂತೆ ಕಣ್ಣು ಮುಚ್ಚಿ ನಿಂತಿದ್ದೆ. ನಗಬೇಡಿ. ಆ ವಾಸನೆಯ ನಡುವೆ ನಾನು ಒಂದು ಕಾಲದಲ್ಲಿ ಕಂಪನಿಯೊಂದರ ನಿರ್ದೇಶಕನಾಗಿದ್ದೆ.

ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ದೋಹಾದ ಕಟ್ಟಡ ಗುತ್ತಿಗೆಯ ಆಫೀಸೊಂದರಲ್ಲಿ ನಾನು ಟೈಪಿಸ್ಟ್. ಆಗ ಇಲ್ಲಿಯ ಎಷ್ಟೋ ಮನೆಗಳಲ್ಲಿ ಅರಬ್ಬಿ ಅಕ್ಷರಗಳ ಕೀಬೋರ್ಡಿನ ಪುಟ್ಟ ಕಂಪ್ಯೂಟರ್ ಇರುತ್ತಿತ್ತು. ಅದನ್ನು ಟೀವಿಗೆ ಸಿಕ್ಕಿಸಿ, ಕ್ಯಾಸೆಟ್ಟಿನಿಂದ ಆಟ ತುಂಬಿಸಬೇಕು. ಟೇಪ್ ರೆಕಾರ್ಡರು ಐದಾರು ನಿಮಿಷ ಕಿರುಚುತ್ತಿತ್ತು. ಅಷ್ಟರಲ್ಲಿ ಅಡಾಪ್ಟರ್ ಕಾದು ಆ ವಾಸನೆ ಕೋಣೆ ತುಂಬುತ್ತಿತ್ತು. ಎಲ್ಲವೂ ಸರಿಯಾಗಿದ್ದರೆ ಆಟ ಬರುತ್ತಿತ್ತು. ಸಾಮಾನ್ಯವಾಗಿ ಎಲ್ಲವೂ ಸರಿಯಾಗಿರುತ್ತಿರಲಿಲ್ಲ.

ಇಂಥ ಆಟಗಳನ್ನು ನಾವೇ ಯಾಕೆ ಮಾಡಬಾರದು ಎಂದು ಕೇಳಿದವನು ಗೆಳೆಯ ಪ್ರಭಾಕರ. ಮೈಸೂರಿನವನು, ಇಲ್ಲಿ ಏಸಿ ಕಂಪನಿಯಲ್ಲಿ ಎಂಜಿನಿಯರ್. ಕೇಳಿದ್ದು ಅವನಾದ್ದರಿಂದ ಅವನೇ ಮ್ಯಾನೇಜಿಂಗ್ ಡೈರೆಕ್ಟರ್ ಆದ. ಉಡುಪಿಯ ಕಡೆಯ ಸ್ಟ್ಯಾನಿ ಹಡಗಿನ ಆಫೀಸಿನಲ್ಲಿ ಗುಮಾಸ್ತನಾಗಿದ್ದ. ದಿನಕ್ಕೆ ಹತ್ತು ಜನರ ಜೊತೆ ಹರಟುತ್ತಾನೆಂಬ ಅರ್ಹತೆಯ ಮೇಲೆ ಅವನು ಮಾರ್ಕೆಟಿಂಗ್ ಡೈರೆಕ್ಟರ್. ನನಗೆ ಡ್ರೈವರುಗಳ ಸಹವಾಸದಿಂದ ಅರಬ್ಬಿ ಚೆನ್ನಾಗಿ ಬರುತ್ತಿತ್ತು, ಕೈಬರಹವೂ ದುಂಡಗಿತ್ತು. ಹಾಗಾಗಿ ಕ್ರಿಯೇಟಿವ್ ಡೈರೆಕ್ಟರ್. ಕತಾರ್ ಒಂದು ಕಾಲಕ್ಕೆ ಮುತ್ತಿನ ನಾಡು, ನಾವು ಮೂವರು, ಆದ್ದರಿಂದ ಕಂಪನಿಯ ಹೆಸರು ತ್ರೀ ಪರ್ಲ್ಸ್. ಮುತ್ತುಗಳು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲವಷ್ಟೆ. ನೋಂದಣಿ ಇರಲಿಲ್ಲ, ಆಫೀಸು ಇರಲಿಲ್ಲ. ವಿಸಿಟಿಂಗ್ ಕಾರ್ಡ್ ಇತ್ತು.

ಕೆಲಸ ಮಾಡುವವರು ಬೇಕಲ್ಲ? ಅದಕ್ಕೆ ಪ್ರಭಾಕರನ ಹೆಂಡತಿ ವಸುಧಾ ಇದ್ದರು. ಗಣಿತದಲ್ಲಿ ಎಂ.ಎಸ್ಸಿ. ಮಾಡಿ, ಗಂಡನ ವೀಸಾದ ಮೇಲೆ ಬಂದು, ಎರಡು ಕೋಣೆಯ ಫ್ಲಾಟಿನಲ್ಲಿ ಮಗಳನ್ನು ನೋಡಿಕೊಂಡಿದ್ದರು. ಕಂಪ್ಯೂಟರಿನ ಜೊತೆ ಬಂದ ಪುಸ್ತಕವನ್ನು ಪ್ರಭಾಕರ ಮೂರು ಪುಟ ಓದಿ ಕಣ್ಣು ನೋಯುತ್ತದೆಂದು ಇಟ್ಟಿದ್ದ. ಅವರು ಕೊನೆಯವರೆಗೆ ಓದಿದರು. ಮಗಳು ಸ್ಕೂಲಿಗೆ ಹೋದ ಮೇಲೆ, ಕುಕ್ಕರಿನ ಸೀಟಿ ಎಣಿಸುತ್ತ, ಎರಡೂವರೆ ತಿಂಗಳಲ್ಲಿ ಒಂದು ಆಟ ಬರೆದರು. ಮುತ್ತು ಹೆಕ್ಕುವ ಒಬ್ಬ ಮುಳುಗುಗಾರ ಸಮುದ್ರದ ತಳಕ್ಕೆ ಇಳಿಯಬೇಕು. ಶಾರ್ಕ್‌ಗಳಿಂದ ತಪ್ಪಿಸಿಕೊಂಡು ಚೀಲ ತುಂಬಿ, ಉಸಿರು ಮುಗಿಯುವುದರೊಳಗೆ ಮೇಲೆ ಬರಬೇಕು. ಹೆಸರು ‘ಅಲ್ ಗವ್ವಾಸ್’, ಅಂದರೆ ಮುಳುಗುಗಾರ.

ಈ ಅವಧಿಯಲ್ಲಿ ನಾವು ಮೂವರೂ ಸುಮ್ಮನೆ ಕೂತಿರಲಿಲ್ಲ. ಪ್ರತಿ ಶುಕ್ರವಾರ ವಸುಧಾ ಅವರ ಮನೆಯಲ್ಲಿ ಬೋರ್ಡ್ ಮೀಟಿಂಗ್ ನಡೆಸಿ, ಅವರು ಮಾಡಿದ ಬಿಸಿಬೇಳೆಬಾತ್ ತಿಂದು, ಕಂಪನಿಯ ಮುಂದಿನ ಹತ್ತು ವರ್ಷಗಳ ಯೋಜನೆ ಹಾಕುತ್ತಿದ್ದೆವು. ಶಾರ್ಕ್ ಇನ್ನಷ್ಟು ಭಯಂಕರವಾಗಿರಲಿ ಎಂದು ನಾನು ಸೃಜನಶೀಲ ಸಲಹೆ ಕೊಟ್ಟೆ. ಕ್ಯಾಸೆಟ್ಟಿನ ಹೊದಿಕೆಯನ್ನು ದುಂಡಗಿನ ಅಕ್ಷರಗಳಲ್ಲಿ ಬರೆದವನೂ ನಾನೇ. ಅದರಲ್ಲಿ ಮೂರು ಹೆಸರುಗಳಿದ್ದವು. ನಾಲ್ಕನೆಯದಕ್ಕೆ ಜಾಗ ಸಾಲಲಿಲ್ಲ ಎಂದು ಆಗ ಹೇಳಿಕೊಂಡೆ. ನನ್ನ ಹುದ್ದೆಯ ಹೆಸರಿಗೇ ಒಂದೂವರೆ ಸಾಲು ಹಿಡಿದಿತ್ತು.

ಇಲ್ಲಿಯ ಪೇಟೆ ಸೂಕ್‌ನಲ್ಲಿ ಟೀವಿ, ರೇಡಿಯೊಗಳ ಅಂಗಡಿ ಇಟ್ಟಿದ್ದ ಅಬು ನಾಸರ್ ಎಂಬ ಕತಾರಿ ಹಿರಿಯರು ಕ್ಯಾಸೆಟ್ಟುಗಳನ್ನು ಮಾರಲು ಒಪ್ಪಿಕೊಂಡರು. ಅವರ ತಂದೆ ನಿಜವಾಗಿ ಮುತ್ತಿಗೆ ಮುಳುಗುತ್ತಿದ್ದವರಂತೆ. ಆಟ ನೋಡಿ ಅವರ ಕಣ್ಣು ಅರಳಿತು. ಮಕ್ಕಳು ಮುಗಿಬಿದ್ದು ಕೊಂಡರು. ಎರಡನೇ ವಾರ ಅದೇ ಮಕ್ಕಳು ತಂದೆಯಂದಿರನ್ನು ಕರೆದುಕೊಂಡು ವಾಪಸು ಬಂದರು. ಐದನೆಯ ಹಂತದಲ್ಲಿ ಮುಳುಗುಗಾರ ಚೀಲ ತುಂಬಿಸಿ ಮೇಲೆ ಬಂದರೂ ಉಸಿರಾಡುತ್ತಿರಲಿಲ್ಲ. ಬಿಸಿಲಲ್ಲಿ ದೋಣಿಯ ಪಕ್ಕದಲ್ಲೇ ಸಾಯುತ್ತಿದ್ದ.

ಅಬು ನಾಸರ್ ಕರೆಸಿದರು. ಮೂವರು ನಿರ್ದೇಶಕರೂ ಟೈ ಕಟ್ಟಿಕೊಂಡು ಹೋದೆವು. ಟೀವಿಯ ಮುಂದೆ ಬಗ್ಗಿ, ಗಲ್ಲ ತುರಿಸಿಕೊಂಡು ನೋಡಿದೆವು. ಕೊನೆಗೆ ಪ್ರಭಾಕರ, ಇದನ್ನು ನಮ್ಮ ಟೆಕ್ನಿಕಲ್ ವಿಭಾಗಕ್ಕೆ ಕಳಿಸಬೇಕು ಎಂದ. ಆ ವಿಭಾಗವನ್ನೇ ಇಲ್ಲಿಗೆ ಕರೆತನ್ನಿ ಎಂದರು ಹಿರಿಯರು.

ಹೊರಗೆ ಬಂದ ಮೇಲೆ ಸ್ಟ್ಯಾನಿ ಟೈ ಸಡಿಲಿಸುತ್ತ ಹೇಳಿದ: “ನಾವು ಮೂವರು ಎಂತಕ್ಕೆ ಇರುವುದು ಮಾರಾಯ ಈ ಕಂಪನಿಯಲ್ಲಿ?” ಯಾವ ಬೋರ್ಡ್ ಮೀಟಿಂಗಿನಲ್ಲೂ ಬಾರದಿದ್ದ ಒಳ್ಳೆಯ ಪ್ರಶ್ನೆ ಅದು.

ಶುಕ್ರವಾರ ಸಂಜೆ ಟೆಕ್ನಿಕಲ್ ವಿಭಾಗ ಹಸಿರು ಸೀರೆ ಉಟ್ಟು ಅಂಗಡಿಗೆ ಬಂತು. ವಸುಧಾ ಸ್ಟೂಲಿನ ಮೇಲೆ ಕೂತು, ಪರದೆಯ ಮೇಲೆ ಸಾಲುಗಳನ್ನು ಒಂದೊಂದಾಗಿ ಏರಿಸುತ್ತ ಹೋದರು. ಒಂದು ಕಡೆ ನಿಲ್ಲಿಸಿ ಗಂಡನನ್ನು ನೋಡಿದರು. ಮ್ಯಾನೇಜಿಂಗ್ ಡೈರೆಕ್ಟರ್ ತಾನೂ ಏನಾದರೂ ಮಾಡಬೇಕೆಂದು ಹಿಂದಿನ ತಿಂಗಳು ಒಂದು ಸಾಲನ್ನು ಸುಧಾರಿಸಿದ್ದ. ಆ ಸುಧಾರಣೆಯೇ ಮುಳುಗುಗಾರನ ಉಸಿರು ನಿಲ್ಲಿಸಿತ್ತು. ಅವರು ಟೈಪಿಂಗ್ ತಪ್ಪು ಎಂದಷ್ಟೇ ಹೇಳಿ, ಸಾಲನ್ನು ಅಳಿಸಿ ಬರೆದರು. ಇಪ್ಪತ್ತು ನಿಮಿಷ. ಮುಳುಗುಗಾರ ಮೇಲೆ ಬಂದು ಉಸಿರೆಳೆದ. ನೋಡುತ್ತಿದ್ದ ಗಿರಾಕಿಗಳು ಚಪ್ಪಾಳೆ ತಟ್ಟಿದರು.

ಇಲ್ಲಿಯವರೆಗಿನ ಕಥೆಯನ್ನು ನಾನು ಎಷ್ಟೋ ಪಾರ್ಟಿಗಳಲ್ಲಿ ಹೇಳಿ ನಗಿಸಿದ್ದೇನೆ. ಮುಂದಿನದನ್ನು ಯಾರಿಗೂ ಹೇಳಿರಲಿಲ್ಲ.

ಅಬು ನಾಸರ್ ನನ್ನ ಕಡೆ ತಿರುಗಿ ಅರಬ್ಬಿಯಲ್ಲಿ ನಿಧಾನವಾಗಿ ಮಾತಾಡಿದರು. ಅಂಗಡಿಯ ಮೇಲಿನ ಮಹಡಿಯಲ್ಲಿ ಹುಡುಗಿಯರಿಗಾಗಿ ಕಂಪ್ಯೂಟರ್ ಕ್ಲಾಸ್ ತೆಗೆಯುತ್ತಿದ್ದೇನೆ, ನನ್ನ ಹೆಣ್ಣುಮಕ್ಕಳೂ ಕಲಿಯುತ್ತಾರೆ, ಇವರು ಬಂದು ಕಲಿಸುತ್ತಾರೆಯೇ ಕೇಳು, ವೀಸಾದ ಕಾಗದಪತ್ರ ನನ್ನ ಜವಾಬ್ದಾರಿ ಎಂದರು. ನಾನು ಪ್ರಭಾಕರನ ಮುಖ ನೋಡಿದೆ. ಅವನಿಗೆ ಅರ್ಧ ಅರ್ಥವಾಗಿತ್ತು. ಆ ಅರ್ಧವೇ ಸಾಕಾಗಿ ಬೇಡವೆಂದು ತಲೆ ಅಲ್ಲಾಡಿಸಿದ. ಅವನ ಕಾರಣ ಅವನಿಗಿತ್ತು. ನನ್ನದೇನು? ಇವರು ಹೋದರೆ ಕಂಪನಿ ಇಲ್ಲ, ಕಂಪನಿ ಹೋದರೆ ನಾನು ಬರೀ ಟೈಪಿಸ್ಟ್.

“ನಿಮ್ಮ ಕೆಲಸ ಬಹಳ ಚೆನ್ನಾಗಿದೆ ಅಂತಿದಾರೆ,” ಎಂದೆ.

ವಸುಧಾ ನನ್ನನ್ನು ಒಂದು ಕ್ಷಣ ನೋಡಿ, ಅವರಿಗೆ “ಶುಕ್ರನ್” ಎಂದು ಧನ್ಯವಾದ ಹೇಳಿದರು. ಹಿರಿಯರು ಇದೇನು ಉತ್ತರ ಎಂಬಂತೆ ನನ್ನನ್ನು ನೋಡಿದರು. ಮನೆಯಲ್ಲಿ ಒಪ್ಪುವುದಿಲ್ಲ ಎಂದು ಅವರಿಗೆ ಒಳ್ಳೆಯ ಅರಬ್ಬಿಯಲ್ಲಿ ಹೇಳಿದೆ.

ಆಮೇಲೆ ವಸುಧಾ ಎರಡನೆಯ ಆಟ ಬರೆಯಲಿಲ್ಲ. ಕೇಳಿದಾಗಲೆಲ್ಲ ಮಗಳ ಪರೀಕ್ಷೆ ಎನ್ನುತ್ತಿದ್ದರು. ಯುಕೆಜಿಯ ಹುಡುಗಿಗೆ ಎಷ್ಟು ಪರೀಕ್ಷೆ ಎಂದು ನಾವು ಯೋಚಿಸಲಿಲ್ಲ. ಅಷ್ಟರಲ್ಲಿ ಅಂಗಡಿಗಳಿಗೆ ಬೇರೆ ಯಂತ್ರಗಳು ಬಂದು, ಕ್ಯಾಸೆಟ್ಟಿನ ಆಟ ಯಾರಿಗೂ ಬೇಡವಾಯಿತು. ಹನ್ನೊಂದು ತಿಂಗಳಿಗೆ ತ್ರೀ ಪರ್ಲ್ಸ್ ಖಲಾಸ್. ಹತ್ತು ವರ್ಷಗಳ ಯೋಜನೆಯ ಫೈಲು ಮಾತ್ರ ತುಂಬಾ ದಪ್ಪಗಿತ್ತು. ಕೆಲವು ವರ್ಷಗಳ ನಂತರ ವಸುಧಾ ತಾವೇ ಅರ್ಜಿ ಹಾಕಿ, ಇಲ್ಲಿಯ ಶಾಲೆಯೊಂದರಲ್ಲಿ ಗಣಿತ ಕಲಿಸತೊಡಗಿದರು. ನಿವೃತ್ತರಾಗಿ ಗಂಡ ಹೆಂಡತಿ ಮೈಸೂರು ಸೇರಿದ್ದಾರೆ. ಕೊನೆಗೆ ಎಲ್ಲ ಒಳ್ಳೆಯದೇ ಆಯಿತಲ್ಲ ಎಂದು ನಾನು ನನಗೆ ಎಷ್ಟೋ ಸಲ ಸರ್ಟಿಫಿಕೇಟ್ ಕೊಟ್ಟುಕೊಂಡಿದ್ದೇನೆ.

ಮೊನ್ನೆ ಅಂಗಡಿಯಿಂದ ಹೊರಗೆ ಬಂದು, ಕಾರಿನಲ್ಲಿ ಕೂತು ವಸುಧಾ ಅವರಿಗೆ ಫೋನ್ ಮಾಡಿದೆ. ಕುಶಲ ಕೇಳಿದೆ, ಮೈಸೂರಿನ ಸೆಕೆ ಕೇಳಿದೆ, ಕೊನೆಗೆ ಕೇಳಬೇಕಾದ ಕ್ಷಮೆ ಕೇಳಿದೆ. ಅವತ್ತು ಹಿರಿಯರು ನಿಜವಾಗಿ ಹೇಳಿದ್ದೇನೆಂದು ಒಂದೂ ಬಿಡದೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಶುಗಲ್ ಅಂದ್ರೆ ಕೆಲಸ, ಬನಾತ್ ಅಂದ್ರೆ ಹುಡುಗೀರು. ಬಕಾಲಾದಲ್ಲಿ ತರಕಾರಿ ತಗೊಳ್ತಾ ಅಷ್ಟು ಕಲಿತಿದ್ದೆ. ನೀವೇನು ಹೇಳ್ತೀರೋ ನೋಡೋಣ ಅಂತ ಸುಮ್ನೆ ಇದ್ದೆ.”

ಹಾಗಾದರೆ ನೀವೇ ಯಾಕೆ ಹೂಂ ಅನ್ನಲಿಲ್ಲ ಎಂದು ಕೇಳಿದೆ.

“ಇವರು ಬೇಡ ಅಂತಾರೆ ಅಂತ ಗೊತ್ತಿತ್ತು. ನೀವೂ ಹೇಳಲ್ಲ ಅಂತ ಗೊತ್ತಿರಲಿಲ್ಲ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಮರುದಿನ ಆಫೀಸಿನಲ್ಲಿ, ಬಂಟ್ವಾಳದಿಂದ ಹೊಸದಾಗಿ ಬಂದ ಹುಡುಗಿಯನ್ನು ನಿಲ್ಲಿಸಿಕೊಂಡು ನಮ್ಮ ಮುದೀರ್, ಅಂದರೆ ಮ್ಯಾನೇಜರ್, ಅರಬ್ಬಿಯಲ್ಲಿ ಏನೋ ಹೇಳಿ, ಅವಳಿಗೆ ತಿಳಿಸು ಎಂದರು. ಅವಳು ಚುರುಕಾಗಿದ್ದಾಳೆ, ಮುಂದಿನ ತಿಂಗಳಿಂದ ನಿನ್ನ ಅರ್ಧ ಕೆಲಸವನ್ನು ಅವಳೇ ನೋಡಿಕೊಳ್ಳಲಿ, ನಿನಗೆ ವಯಸ್ಸಾಯಿತು ಎಂದಿದ್ದರು. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. ವಯಸ್ಸಿನ ಮಾತನ್ನೂ ಸೇರಿಸಿ, ಪೂರ್ತಿ ಹೇಳಿದೆ.